ಜಮೀನು ಸ್ವಾಧೀನದ ನೋಟಿಸು ಬಂತಾ? ಮೊದಲು ಒಂದು ಫೋಲ್ಡರ್ ಮಾಡಿ

ನಮ್ಮ ತೋಟದಲ್ಲಿ ಫಲ ಬಿಡುವ ತೆಂಗಿನ ಮರ 62 ಇದ್ದವು. ಜಮೀನು ಸ್ವಾಧೀನ ಆದಾಗ ಪರಿಹಾರಕ್ಕೆ ಕಚೇರಿಯವರು ಮಾಡಿದ ಪಟ್ಟಿಯಲ್ಲಿ 26 ಅಂತ ಬಂತು. ಬರೆಯುವಾಗ ಅಂಕಿ ಹಿಂದುಮುಂದಾಗಿದೆ, ಅಷ್ಟೇ. ಅದನ್ನು ಸರಿ ಮಾಡಿಸಲು ಎಂಟು ತಿಂಗಳು ಓಡಾಡಿದೆವು. ಅಳತೆಯ ದಿನ ಫೋಟೋ ತೆಗೆದಿದ್ದೆವು, ನಿಜ. ಆದರೆ ನನ್ನ ಹತ್ತಿರ ಇದ್ದದ್ದು ಮನೆಯ ವಾಟ್ಸಾಪ್ ಗ್ರೂಪಿಗೆ ಬಂದ ಫೋಟೋಗಳು. ತೆಗೆದ ದಿನಾಂಕ ಇಲ್ಲ, ಜಾಗದ ಗುರುತು ಇಲ್ಲ, ಮಸುಕು ಬೇರೆ. 'ಇದು ನಿಮ್ಮದೇ ತೋಟ ಅಂತ ಹೇಗೆ ನಂಬೋದು?' ಅಂತ ಕಚೇರಿಯವರು ಕೇಳಿದರು. ಉತ್ತರ ಇರಲಿಲ್ಲ. ಕೊನೆಗೆ ಚಿಕ್ಕಪ್ಪನ ಹಳೇ ಫೋನು ಅಟ್ಟದ ಡಬ್ಬಿಯಲ್ಲಿ ಸಿಕ್ಕಿ, ಚಾರ್ಜ್ ಹಾಕಿ ಆನ್ ಮಾಡಿದಾಗ ಮೂಲ ಫೋಟೋಗಳು ಹಾಗೇ ಇದ್ದವು. ದಿನಾಂಕ, ಸಮಯ, ಜಾಗ ಎಲ್ಲ ಅದರಲ್ಲಿ ಕೂತಿತ್ತು. ಆ ಫೋನು ಯಾರಿಗಾದರೂ ಮಾರಿಬಿಟ್ಟಿದ್ದರೆ 36 ಮರದ ಪರಿಹಾರ ಹೋಗಿಯೇ ಹೋಗುತ್ತಿತ್ತು.

ಅದಾದ ಮೇಲೆ ಅಕ್ಕಪಕ್ಕದ ಊರಿನ ಹತ್ತಾರು ಮನೆಗಳಿಗೆ ದಾಖಲೆ ಜೋಡಿಸಿಕೊಟ್ಟಿದ್ದೇನೆ. ಅದರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಜಮೀನು ಕೊಡಬೇಕೋ ಬೇಡವೋ ಅನ್ನುವುದು ನಿಮ್ಮ ಮನೆಯ, ನಿಮ್ಮ ಊರಿನ ತೀರ್ಮಾನ. ಕೊಡಲ್ಲ ಅಂತ ಹೋರಾಡುವವರಿಗೂ, ಸರಿಯಾದ ಪರಿಹಾರ ಬಂದರೆ ಸಾಕು ಅನ್ನುವವರಿಗೂ ಕಾಗದ ಬೇಕೇ ಬೇಕು. ಸರ್ಕಾರದ ಕಡೆ ಒಂದು ಕಡತ ಓಡುತ್ತಿರುತ್ತದೆ. ನಿಮ್ಮ ಮನೆಯಲ್ಲೂ ಅಷ್ಟೇ ಗಟ್ಟಿಯಾದ ಇನ್ನೊಂದು ಕಡತ ಇರಬೇಕು. ಒಂದು ಸಾಧಾರಣ ಸ್ಮಾರ್ಟ್‌ಫೋನ್ ಇದ್ದರೆ ಸಾಕು, ಕಂಪ್ಯೂಟರ್ ಇದ್ದರೆ ಇನ್ನೂ ಒಳ್ಳೆಯದು.

ಸುದ್ದಿ ಕಿವಿಗೆ ಬಿದ್ದ ದಿನವೇ ಶುರು ಮಾಡಿ

ಬಹಳ ಜನ ನೋಟಿಸು ಬರಲಿ, ಆಮೇಲೆ ನೋಡೋಣ ಅಂತಾರೆ. ಅಷ್ಟೊತ್ತಿಗೆ ತಡವಾಗಿರುತ್ತದೆ. 'ನಮ್ಮ ಕಡೆ ಇಂಡಸ್ಟ್ರಿಗೆ ಜಾಗ ನೋಡ್ತಿದ್ದಾರಂತೆ', 'ರೋಡು ಈ ಕಡೆಯಿಂದ ಹೋಗ್ತದಂತೆ' ಅನ್ನುವ ಮಾತು ಬಂದ ವಾರದಲ್ಲೇ ನಿಮ್ಮ ಸರ್ವೇ ನಂಬರಿನ ಇವತ್ತಿನ ಸ್ಥಿತಿಯನ್ನು ಹಿಡಿದಿಟ್ಟುಕೊಳ್ಳಿ.

ಭೂಮಿ ಪೋರ್ಟಲ್‌ನಿಂದ ಪಹಣಿ, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆ, ಇಳಿಸಿಕೊಳ್ಳಿ. ಸುಮ್ನೆ ನೋಡಲು ತೋರಿಸುವ ಪ್ರತಿ ಬೇರೆ, ಶುಲ್ಕ ಕಟ್ಟಿ ಪಡೆಯುವ ಪ್ರತಿ ಬೇರೆ. ಶುಲ್ಕ ಕಟ್ಟಿದ್ದೇ ಬೇಕು. ಪಹಣಿಯಲ್ಲಿ 9ನೇ ಕಾಲಂ ನೋಡಿ, ಯಾರ ಹೆಸರಿದೆ? ಎಷ್ಟೋ ಮನೆಗಳಲ್ಲಿ ತೀರಿಹೋದ ಅಜ್ಜನ ಹೆಸರೇ ಇನ್ನೂ ಇರುತ್ತದೆ. ಹಾಗಿದ್ದರೆ ಪೌತಿ ಖಾತೆಗೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಇವತ್ತೇ ಅರ್ಜಿ ಹಾಕಿ, ವಂಶವೃಕ್ಷ ಮಾಡಿಸಿ. ಸ್ವಾಧೀನದ ಅಧಿಸೂಚನೆಯಲ್ಲಿ ಹೆಸರು ಬರುವುದು ಹೆಚ್ಚಾಗಿ ಪಹಣಿಯಲ್ಲಿ ಇದ್ದಂತೆಯೇ. ಸತ್ತವರ ಹೆಸರಲ್ಲಿ ನೋಟಿಸು ಹೊರಟರೆ ಬದುಕಿರುವವರ ಕೈಗೆ ಅದು ಸೇರುವುದು ಕಷ್ಟ. 11ನೇ ಕಾಲಂ ಕೂಡ ನೋಡಿ. ಸಾಲ, ತಕರಾರು, ಸ್ವಾಧೀನದ ಅಧಿಸೂಚನೆ ಇದ್ದರೆ ಅಲ್ಲೇ ನಮೂದಾಗಿರುತ್ತದೆ. ಕೈಗೆ ನೋಟಿಸು ಬರುವ ಮೊದಲೇ ಪಹಣಿಯ 11ನೇ ಕಾಲಂನಲ್ಲಿ ವಿಷಯ ಗೊತ್ತಾದವರನ್ನು ನೋಡಿದ್ದೇನೆ. ಹಾಗಾಗಿ ಮೂರು ತಿಂಗಳಿಗೊಮ್ಮೆ ಪಹಣಿ ತೆಗೆದು ದಿನಾಂಕ ಹಾಕಿ ಇಟ್ಟುಕೊಳ್ಳುವುದು ಒಳ್ಳೆಯದು.

ಆಮೇಲೆ ಮುಟೇಷನ್ (ಖಾತೆ ಬದಲಾವಣೆ) ಪ್ರತಿಗಳು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್ಲಿನಲ್ಲೋ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೋ ಇ.ಸಿ. (ಜಮೀನಿನ ಮೇಲೆ ನೋಂದಣಿಯಾದ ಮಾರಾಟ, ಸಾಲಗಳ ಪಟ್ಟಿ), ಕನಿಷ್ಠ 30 ವರ್ಷದ್ದು ಇರಲಿ. ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಸರ್ವೇ ದಾಖಲೆ), ಟಿಪ್ಪಣಿ (ಮೂಲ ಅಳತೆಯ ನಕ್ಷೆ), ಹಿಸ್ಸಾ (ಸರ್ವೇ ನಂಬರಿನ ಪಾಲು) ಆಗಿದ್ದರೆ ಅದರ ನಕ್ಷೆ, ಗ್ರಾಮ ನಕ್ಷೆ. ಪಹಣಿ ಕಂಪ್ಯೂಟರಿಗೆ ಹೋಗಿದ್ದು 2000ರ ಸುಮಾರಿಗೆ. ಅದಕ್ಕೂ ಹಿಂದಿನ ಕೈಬರಹದ ಪಹಣಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇರುತ್ತದೆ. ಭೂ ಸುರಕ್ಷಾ ಯೋಜನೆಯಲ್ಲಿ ಈ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ಹಾಗಾಗಿ ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಮುಗಿದಿದೆ ಅಂತ ಮೊದಲು ವಿಚಾರಿಸಿ. ದಿಶಾಂಕ್ ಆ್ಯಪ್‌ನಲ್ಲಿ ಹೊಲದ ನಡುವೆ ನಿಂತು ಸರ್ವೇ ನಂಬರ್ ನೋಡಿ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಅದು ಗಡಿಗೆ ಪುರಾವೆ ಅಲ್ಲ. ಆದರೆ ನೀವು ಉಳುತ್ತಿರುವ ಜಾಗ ಮತ್ತು ಪಹಣಿಯ ನಂಬರ್ ಒಂದೇನಾ ಅನ್ನುವುದು ಗೊತ್ತಾಗುತ್ತದೆ. ನಿಮಗೆ ಆಶ್ಚರ್ಯ ಆಗಬಹುದು, ಪೋಡಿ ಆಗದ, ಅಂದರೆ ಅಳತೆ ಮಾಡಿ ಪಾಲು ಬೇರೆ ಮಾಡಿರದ ಜಮೀನಿನಲ್ಲಿ ಅಣ್ಣನ ಹಿಸ್ಸೆ ತಮ್ಮ, ತಮ್ಮನ ಹಿಸ್ಸೆ ಅಣ್ಣ ಉಳುತ್ತಿರುವುದು ಎಷ್ಟೋ ಕಡೆ ಇದೆ. ಪರಿಹಾರ ಬಂದ ದಿನ ಅದೇ ಜಗಳ ಆಗುತ್ತದೆ.

ಫೋಲ್ಡರ್ ಮತ್ತು ಫೈಲಿನ ಹೆಸರು

ಇದು ಸಣ್ಣ ವಿಷಯ ಅನಿಸುತ್ತದೆ, ಆದರೆ ಇಲ್ಲೇ ಎಲ್ಲರೂ ಎಡವುವುದು. 'ಸ್ಕ್ಯಾನ್ 001', 'ಹೊಸ ಡಾಕ್ಯುಮೆಂಟ್ 14' ಅಂತ ಐನೂರು ಫೈಲು ಇದ್ದರೆ ಅದು ದಾಖಲೆ ಅಲ್ಲ, ರಾಶಿ.

ಒಂದು ಸರ್ವೇ ನಂಬರಿಗೆ ಒಂದು ಫೋಲ್ಡರ್. ಅದರೊಳಗೆ ಐದಾರು ಸಾಕು: ಹಕ್ಕಿನ ದಾಖಲೆ, ನೋಟಿಸು ಮತ್ತು ಅಧಿಸೂಚನೆ, ನಾವು ಕೊಟ್ಟದ್ದು, ಅಳತೆ ಮತ್ತು ಫೋಟೋ, ಹಣ, ಕೋರ್ಟು. ಫೈಲಿನ ಹೆಸರಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಉದಾಹರಣೆಗೆ: 2024-03-11_ಪಹಣಿ_ಸನಂ-12-3. ಹೀಗೆ ಇಟ್ಟರೆ ಫೈಲುಗಳು ತಾವಾಗಿಯೇ ದಿನಾಂಕದ ಕ್ರಮದಲ್ಲಿ ಕೂರುತ್ತವೆ. ಸರ್ವೇ ನಂಬರ್ 12/3 ಅಂತ ಇದ್ದರೂ ಫೈಲಿನ ಹೆಸರಲ್ಲಿ ಓರೆ ಗೆರೆ ಹಾಕಲು ಕಂಪ್ಯೂಟರ್ ಬಿಡುವುದಿಲ್ಲ, ಅದಕ್ಕೆ 12-3. ದಿನಾಂಕ ಅಂದರೆ ನೀವು ಸ್ಕ್ಯಾನ್ ಮಾಡಿದ ದಿನ ಅಲ್ಲ, ಕಾಗದದ ಮೇಲಿರುವ ದಿನ.

ಸ್ಕ್ಯಾನ್ ಮಾಡುವಾಗ ಹಗಲು ಬೆಳಕಲ್ಲಿ, ಕಾಗದ ಸಮತಟ್ಟಾಗಿ ಇಟ್ಟು, ನಾಲ್ಕೂ ಮೂಲೆ ಕಾಣುವಂತೆ ತೆಗೆಯಿರಿ. ಬಣ್ಣದಲ್ಲೇ ಇರಲಿ. ಕಪ್ಪು ಬಿಳುಪು ಮಾಡಿದರೆ ಸೀಲು, ಹಸಿರು ಶಾಯಿಯ ಸಹಿ, ಪೆನ್ಸಿಲ್ ಗುರುತು ಹೋಗಿಬಿಡುತ್ತದೆ. ಹಿಂಬದಿ ಖಾಲಿ ಇದ್ದರೂ ತೆಗೆಯಿರಿ. ಹಳೇ ಕ್ರಯಪತ್ರಗಳಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯ ಬರಹ ಇರುವುದೇ ಹಿಂಬದಿಯಲ್ಲಿ. ಲಕೋಟೆಯನ್ನೂ ಸ್ಕ್ಯಾನ್ ಮಾಡಿ! ಅಂಚೆಯ ಮುದ್ರೆಯಲ್ಲಿ ಇರುವ ದಿನಾಂಕ ಮುಂದೆ ನಿಮ್ಮನ್ನು ಕಾಪಾಡಬಹುದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಂದು ಎಚ್ಚರಿಕೆ. ಡಿಜಿಟಲ್ ಸಹಿ ಇರುವ ಪಿಡಿಎಫ್ ಇಳಿಸಿಕೊಂಡರೆ ಆ ಫೈಲನ್ನೇ ಇಡಿ. ಪ್ರಿಂಟ್ ತೆಗೆದು, ಆ ಪ್ರಿಂಟನ್ನು ಮತ್ತೆ ಸ್ಕ್ಯಾನ್ ಮಾಡಿ, ಮೂಲ ಫೈಲು ಅಳಿಸಿಬಿಡುವವರು ಇದ್ದಾರೆ. ಡಿಜಿಟಲ್ ಸಹಿ ಇರುವುದು ಫೈಲಿನಲ್ಲಿ, ಕಾಗದದಲ್ಲಿ ಅದರ ಚಿತ್ರ ಮಾತ್ರ ಇರುತ್ತದೆ.

ದಿನಾಂಕದ ಪಟ್ಟಿ: ಇದೊಂದನ್ನು ಮಾತ್ರ ಬಿಡಬೇಡಿ

ಬೇರೆ ಏನೂ ಮಾಡಲು ಆಗದಿದ್ದರೆ ಇದೊಂದನ್ನಾದರೂ ಮಾಡಿ. ಗೂಗಲ್ ಶೀಟ್ ಆಗಲಿ, ಎಕ್ಸೆಲ್ ಆಗಲಿ, ಒಂದು ಪಟ್ಟಿ ತೆರೆಯಿರಿ. ಪ್ರತಿ ಕಾಗದಕ್ಕೆ ಒಂದು ಸಾಲು. ಕಾಗದದ ಮೇಲಿನ ದಿನಾಂಕ, ರಾಜ್ಯಪತ್ರದಲ್ಲಿ ಪ್ರಕಟವಾದ ದಿನಾಂಕ, ನಮ್ಮ ಕೈಗೆ ಬಂದ ದಿನಾಂಕ, ಹೇಗೆ ಬಂತು, ಯಾರು ಸಹಿ ಹಾಕಿ ತೆಗೆದುಕೊಂಡರು, ಕಡತ ಸಂಖ್ಯೆ, ಉತ್ತರಕ್ಕೆ ಕೊನೇ ದಿನ, ಉತ್ತರ ಕೊಟ್ಟ ದಿನ. ಇಷ್ಟು ಕಾಲಂ.

ಮೂರು ದಿನಾಂಕ ಯಾಕೆ ಬೇಕು ಅಂದರೆ, ಗಡುವು ಯಾವುದರಿಂದ ಶುರು ಅನ್ನುವುದು ಕಾನೂನಿನಿಂದ ಕಾನೂನಿಗೆ ಬೇರೆ. ನೋಟಿಸಿನ ಮೊದಲ ಎರಡು ಸಾಲಿನಲ್ಲೇ ಕಾಯ್ದೆಯ ಹೆಸರು, ಕಲಂ ಇರುತ್ತದೆ, ಮೊದಲು ಅದನ್ನು ಓದಿ. 2013ರ ಭೂಸ್ವಾಧೀನ ಕಾಯ್ದೆ ಆದರೆ 11ನೇ ಕಲಂನ ಪ್ರಾಥಮಿಕ ಅಧಿಸೂಚನೆ ಪ್ರಕಟವಾದ ದಿನದಿಂದ 60 ದಿನದೊಳಗೆ ಆಕ್ಷೇಪಣೆ ಕೊಡಬೇಕು. ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಆದರೆ 3ಎ ಅಧಿಸೂಚನೆ ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ ಬರೀ 21 ದಿನ. ನಿಮ್ಮ ಮನೆಗೆ ಕಾಗದ ಬರಲಿ ಬಿಡಲಿ, ಲೆಕ್ಕ ಶುರುವಾಗಿರುತ್ತದೆ. ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಸ್ವಾಧೀನ ಆದರೆ 1966ರ ಕಾಯ್ದೆಯ 28(1) ಅಧಿಸೂಚನೆ ಆದ ಮೇಲೆ 28(2)ರ ನೋಟಿಸು ಜಾರಿಯಾದ ದಿನದಿಂದ 30 ದಿನ. ಇಲ್ಲಿ ನಿಮ್ಮ ಕೈಗೆ ಯಾವತ್ತು ಬಂತು ಅನ್ನುವುದೇ ಮುಖ್ಯ. ಈಗ ಲಕೋಟೆ ಯಾಕೆ ಬೇಕು ಅಂತ ಗೊತ್ತಾಯಿತು ಅಲ್ವಾ? ನೋಟಿಸಿನ ಮೇಲೆ 2ನೇ ತಾರೀಕು ಇರುತ್ತದೆ, ಅಂಚೆಗೆ ಬಿದ್ದದ್ದು 19ಕ್ಕೆ, ಮನೆಗೆ ಬಂದದ್ದು 23ಕ್ಕೆ. ಆ ಮುದ್ರೆ ಇಲ್ಲದಿದ್ದರೆ ಈ 30 ದಿನದಲ್ಲಿ 21 ದಿನ ಆಗಲೇ ಕಳೆದುಹೋಗಿದೆ ಅಂತಲೇ ಲೆಕ್ಕ ಹಿಡಿಯುತ್ತಾರೆ.

ರಾಜ್ಯದ ಅಧಿಸೂಚನೆಗಳು ಇ-ರಾಜ್ಯಪತ್ರದಲ್ಲಿ ಸಿಗುತ್ತವೆ, ಹೆದ್ದಾರಿಯದ್ದು ಕೇಂದ್ರದ ರಾಜ್ಯಪತ್ರದಲ್ಲಿ. ಪೂರ್ತಿ ಪಿಡಿಎಫ್ ಇಳಿಸಿಕೊಳ್ಳಿ, ನಿಮ್ಮ ಪುಟ ಮಾತ್ರ ಸಾಲದು. ಅನುಸೂಚಿಯಲ್ಲಿ ನಿಮ್ಮ ಸರ್ವೇ ನಂಬರಿನ ಸಾಲು ಹುಡುಕಿ, ಖಾತೆದಾರರ ಹೆಸರು, ಅನುಭವದಾರರ ಹೆಸರು, ವಿಸ್ತೀರ್ಣ, ಖರಾಬು (ಸಾಗುವಳಿಗೆ ಬಾರದ ಭಾಗ), ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಒಂದೊಂದಾಗಿ ಪಹಣಿ ಮತ್ತು ನಕ್ಷೆಯ ಜೊತೆ ತಾಳೆ ನೋಡಿ. ಅಕ್ಷರ ತಪ್ಪಿದ್ದರೂ ಬರೆದುಕೊಳ್ಳಿ. ಅಧಿಸೂಚನೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮತ್ತೊಂದು ಇದ್ದರೆ ಹಣ ಬಿಡುಗಡೆಯ ದಿನ ಅಫಿಡವಿಟ್ ಹಿಡಿದು ಓಡಾಡಬೇಕಾಗುತ್ತದೆ.

ದಿನಾಂಕದಲ್ಲಿ ದುಡ್ಡೂ ಇದೆ. 2013ರ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನದ ಅಧಿಸೂಚನೆ ಪ್ರಕಟವಾದ ದಿನದಿಂದ, ಅವಾರ್ಡ್ (ಪರಿಹಾರ ನಿಗದಿ ಮಾಡುವ ಆದೇಶ) ಅಥವಾ ಜಮೀನು ವಶಕ್ಕೆ ಪಡೆದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ, ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ 12% ಹೆಚ್ಚುವರಿ ಮೊತ್ತ ಸೇರುತ್ತದೆ. ಬೆಲೆ 20 ಲಕ್ಷ ಅಂತಿಟ್ಟುಕೊಳ್ಳಿ. ವರ್ಷಕ್ಕೆ 2.4 ಲಕ್ಷ, ತಿಂಗಳಿಗೆ 20,000 ರೂಪಾಯಿ. ಲೆಕ್ಕದಲ್ಲಿ ಎರಡು ತಿಂಗಳು ತಪ್ಪಿದರೆ 40,000 ಹೋಯಿತು. ನಿಮ್ಮ ಪಟ್ಟಿಯಲ್ಲಿ ದಿನಾಂಕ ಸರಿಯಾಗಿದ್ದರೆ ಅದನ್ನು ನೀವೇ ಹಿಡಿಯಬಹುದು.

ಎಕರೆ-ಗುಂಟೆಯನ್ನು ಎಕ್ಸೆಲ್ ಹೇಗೆ ಕೆಡಿಸುತ್ತದೆ

ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಓದಿದ ಹುಡುಗರೇ ಇಲ್ಲಿ ತಪ್ಪು ಮಾಡುತ್ತಾರೆ. ನಾವು 1 ಎಕರೆ 30 ಗುಂಟೆಯನ್ನು 1-30 ಅಂತಲೋ 1.30 ಅಂತಲೋ ಬರೆಯುತ್ತೇವೆ. ಎಕ್ಸೆಲ್‌ನಲ್ಲಿ 1.30 ಅಂತ ಹಾಕಿದರೆ ಕೊನೇ ಸೊನ್ನೆ ತಿಂದು 1.3 ಅಂತ ತೋರಿಸುತ್ತದೆ. ಆರು ತಿಂಗಳ ಮೇಲೆ ನೋಡಿದರೆ ಅದು 3 ಗುಂಟೆಯೋ 30 ಗುಂಟೆಯೋ ನಿಮಗೇ ಗೊತ್ತಾಗುವುದಿಲ್ಲ. ಇನ್ನು ಕೂಡಿಸುವುದು. 1.25 ಮತ್ತು 1.30 ಕೂಡಿಸಿದರೆ ಎಕ್ಸೆಲ್ 2.55 ಅನ್ನುತ್ತದೆ. ಅದನ್ನು ಯಾರಾದರೂ ದಶಮಾಂಶದ ಎಕರೆ ಅಂತ ಓದಿದರೆ 102 ಗುಂಟೆ ಆಗುತ್ತದೆ. ನಿಜವಾದ ಲೆಕ್ಕ? ಎಕರೆಗೆ 40 ಗುಂಟೆ, ಅಂದರೆ 65 ಮತ್ತು 70, ಒಟ್ಟು 135 ಗುಂಟೆ, ಅದು 3 ಎಕರೆ 15 ಗುಂಟೆ. ವ್ಯತ್ಯಾಸ 33 ಗುಂಟೆ!

ಹಾಗಾಗಿ ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು, ಆಣೆಗೆ ಒಂದು, ಒಟ್ಟು ಗುಂಟೆಗೆ ಇನ್ನೊಂದು ಮಾಡಿ. 16 ಆಣೆಗೆ 1 ಗುಂಟೆ, 1 ಗುಂಟೆಗೆ 1,089 ಚದರ ಅಡಿ. ಕೂಡಿಸುವುದು, ಕಳೆಯುವುದು ಎಲ್ಲ ಗುಂಟೆಯಲ್ಲೇ ಮಾಡಿ, ಕೊನೆಗೆ ಎಕರೆಗೆ ತನ್ನಿ. ಸರ್ವೇ ನಂಬರಿನ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಅಂತ ಬದಲಿಸಿ, ಇಲ್ಲದಿದ್ದರೆ 12/3 ಅಂತ ಟೈಪ್ ಮಾಡಿದ ತಕ್ಷಣ ಅದು ತಾರೀಕಾಗಿ ಹೋಗುತ್ತದೆ. ಒಂದು ಊರಿನ ಪೂರ್ತಿ ಪಟ್ಟಿಯಲ್ಲಿ ಅರ್ಧ ಸರ್ವೇ ನಂಬರ್ ಮಾರ್ಚ್, ಏಪ್ರಿಲ್ ಆಗಿದ್ದನ್ನು ಕೂತು ತಿದ್ದಿದ್ದೇನೆ.

ಅಳತೆಯ ದಿನ

ಜಂಟಿ ಅಳತೆಗೆ (ಸರ್ವೇಯವರು, ಬೇರೆ ಇಲಾಖೆಯವರು ಒಟ್ಟಿಗೆ ಮಾಡುವ ಅಳತೆ) ಬರುವ ದಿನ ಮನೆಯವರೆಲ್ಲ ಹೊಲದಲ್ಲಿ ಇರಿ. ಅವತ್ತು ಬರೆದದ್ದೇ ಮುಂದೆ ಪರಿಹಾರದ ಪಟ್ಟಿ ಆಗುತ್ತದೆ. ಹಿಂದಿನ ದಿನವೇ ಪ್ರತಿ ಮರಕ್ಕೂ ಸುಣ್ಣದಲ್ಲಿ ಕ್ರಮಸಂಖ್ಯೆ ಬರೆಯಿರಿ. ತೆಂಗಿಗೆ 1ರಿಂದ, ಮಾವಿಗೆ ಬೇರೆ 1ರಿಂದ. ಒಂದೊಂದು ಮರಕ್ಕೂ ಎರಡು ಫೋಟೋ, ಸಂಖ್ಯೆ ಕಾಣುವಂತೆ ಒಂದು, ಪೂರ್ತಿ ಮರ ಕಾಣುವಂತೆ ಒಂದು. ಇಷ್ಟು ಮಾಡಿದ್ದರೆ ನಮ್ಮ 62 ಯಾವತ್ತೂ 26 ಆಗುತ್ತಿರಲಿಲ್ಲ.

ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆನ್ ಮಾಡಿ. ದಿನಾಂಕ, ಸಮಯ ಸರಿ ಇದೆಯಾ ನೋಡಿ. ಫೋಟೋದ ಮೇಲೆ ಜಾಗ, ಸಮಯ ಅಚ್ಚು ಹಾಕುವ ಆ್ಯಪ್ ಬಳಸಬಹುದು, ನೋಡುವವರಿಗೆ ಅನುಕೂಲ. ಆದರೆ ಅದನ್ನು ಯಾರು ಬೇಕಾದರೂ ತಿದ್ದಬಹುದು ಅನ್ನುವ ಮಾತು ಬರುತ್ತದೆ, ಅದಕ್ಕೆ ಸಾದಾ ಕ್ಯಾಮೆರಾದ ಫೋಟೋವನ್ನೂ ತೆಗೆದಿಡಿ. ಬೇರೆಯವರಿಗೆ ಕಳಿಸುವಾಗ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಅದರೊಳಗಿನ ದಿನಾಂಕ, ಜಾಗದ ಮಾಹಿತಿ ಕಳಚಿಹೋಗುತ್ತದೆ.

ವಿಡಿಯೋ ಒಂದು ಬೇಕು. ಊರಿನವರೆಲ್ಲ ಗುರುತಿಸುವ ಜಾಗದಿಂದ ಶುರು ಮಾಡಿ, ಬಸ್ ಸ್ಟಾಪೋ, ಶಾಲೆಯೋ, ದೇವಸ್ಥಾನವೋ. ನಿಲ್ಲಿಸದೆ ಹೊಲಕ್ಕೆ ನಡೆಯಿರಿ. ಬದುವಿನ ಸುತ್ತ ಒಂದು ಸುತ್ತು. ಬಾಂದು ಕಲ್ಲು (ಸರ್ವೇ ಗಡಿಯ ಕಲ್ಲು) ಇದ್ದರೆ ಹತ್ತಿರ ಹೋಗಿ ತೋರಿಸಿ. ಬೋರು, ಪಂಪ್‌ಸೆಟ್ಟಿನ ಪೆಟ್ಟಿಗೆ ಮೇಲೆ ಬರೆದ ಆರ್.ಆರ್. ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ), ಪೈಪ್‌ಲೈನು, ಕೃಷಿಹೊಂಡ, ದನದ ಕೊಟ್ಟಿಗೆ, ಬೇಲಿ, ಹಿರಿಯರ ಸಮಾಧಿ, ಎಲ್ಲ ಬಾಯಲ್ಲಿ ಹೇಳುತ್ತಾ ತೋರಿಸಿ. ಅಪ್ಪನೋ ಅಜ್ಜಿಯೋ ಮಾತಾಡಿದರೆ ಇನ್ನೂ ಒಳ್ಳೆಯದು, ಯಾವ ಬೋರು ಯಾವ ವರ್ಷ ಕೊರೆಸಿದ್ದು ಅನ್ನುವುದು ಅವರಿಗೇ ಗೊತ್ತಿರುವುದು.

ಬೋರಿನ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ಇದೆ. ಜಮೀನು ಖುಷ್ಕಿಯೋ (ಮಳೆಯಾಶ್ರಿತ), ಬಾಗಾಯ್ತೋ (ತೋಟ), ತರಿಯೋ (ನೀರಾವರಿ ಗದ್ದೆ) ಅನ್ನುವುದರ ಮೇಲೆ ದರ ಬದಲಾಗುತ್ತದೆ. ಕೃಷ್ಣಾ ಮೇಲ್ದಂಡೆ ಮೂರನೇ ಹಂತದಲ್ಲಿ ಮುಳುಗಡೆಯಾಗುವ ಜಮೀನಿಗೆ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಒಪ್ಪಿದ ದರ ನೋಡಿ, ನೀರಾವರಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ಎಕರೆಗೆ 10 ಲಕ್ಷದ ವ್ಯತ್ಯಾಸ! ಪಹಣಿಯಲ್ಲಿ ಹಳೇ ಕಾಲದ ಖುಷ್ಕಿ ಅಂತಲೇ ಉಳಿದಿದ್ದು, ಹೊಲದಲ್ಲಿ ಹದಿನೈದು ವರ್ಷದಿಂದ ನೀರು ಹರಿಯುತ್ತಿದ್ದರೆ ಅದನ್ನು ಸಾಬೀತು ಮಾಡುವ ಭಾರ ನಿಮ್ಮದೇ. ಬೋರ್‌ವೆಲ್ ಬಿಲ್ಲು, ವಿದ್ಯುತ್ ಸಂಪರ್ಕದ ಪತ್ರ, ಡ್ರಿಪ್ ಸಬ್ಸಿಡಿಯ ಆದೇಶ, ಎಪಿಎಂಸಿಯ ಮಾರಾಟ ಚೀಟಿ, ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ, ಇವೆಲ್ಲ ಒಂದು ಫೋಲ್ಡರಿಗೆ ಬರಲಿ. ಬೆಳೆ ದರ್ಶಕ್ ಆ್ಯಪ್‌ನಲ್ಲಿ ನಿಮ್ಮ ಸರ್ವೇ ನಂಬರಿಗೆ ಯಾವ ಬೆಳೆ ಹಾಕಿದ್ದಾರೆ ಅಂತ ನೋಡಬಹುದು. ತಪ್ಪಿದ್ದರೆ ಆ ಹಂಗಾಮಿನಲ್ಲೇ ಆಕ್ಷೇಪಣೆ ಹಾಕಿ.

ಅಳತೆ ಮುಗಿದ ಮೇಲೆ ಮಹಜರಿಗೆ (ಸ್ಥಳದಲ್ಲಿ ಕಂಡದ್ದನ್ನು ಸಾಕ್ಷಿಗಳ ಮುಂದೆ ಬರೆದ ಕಾಗದ) ಸಹಿ ಕೇಳುತ್ತಾರೆ. ಓದದೆ ಸಹಿ ಬೇಡ. ಸಹಿ ಹಾಕುವ ಮೊದಲು ಪ್ರತಿ ಪುಟದ ಫೋಟೋ ತೆಗೆಯಿರಿ, ಹಾಕಿದ ಮೇಲೆ ಇನ್ನೊಮ್ಮೆ ತೆಗೆಯಿರಿ. ಖಾಲಿ ಜಾಗ ಬಿಟ್ಟಿದ್ದರೆ ಗೆರೆ ಎಳೆಸಿ. ಮರದ ಲೆಕ್ಕ ಒಪ್ಪಿಗೆ ಇಲ್ಲದಿದ್ದರೆ ಸಹಿಯ ಮೇಲೆ ಅದನ್ನೇ ಬರೆಯಿರಿ. ಹೆಬ್ಬೆಟ್ಟು ಹಾಕುವ ಹಿರಿಯರಿದ್ದರೆ ಅವರಿಗೆ ಓದಿ ಹೇಳುವುದನ್ನು ವಿಡಿಯೋ ಮಾಡಿ. ಸ್ವಾಧೀನದ ಮಹಜರು ಅಂದರೆ ಇನ್ನೂ ಹುಷಾರಾಗಿರಬೇಕು. 2020ರ ಮಾರ್ಚ್‌ನಲ್ಲಿ ಇಂದೋರ್ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಮಹಜರು ಮಾಡಿ ವಶಕ್ಕೆ ಪಡೆದದ್ದು ಕಾನೂನಿನಲ್ಲಿ ವಶವೇ ಅಂತ. ನೀವು ಹೊಲದಲ್ಲಿ ರಾಗಿ ಬೆಳೆಯುತ್ತಲೇ ಇದ್ದರೂ ಕಾಗದದ ಮೇಲೆ ಜಮೀನು ಸರ್ಕಾರದ್ದು ಆಗಿರಬಹುದು. ಆ ಮಹಜರು ಯಾವ ದಿನ ಆಯಿತು, ಯಾರು ಸಾಕ್ಷಿ, ಅದರ ಪ್ರತಿ ಕೈಯಲ್ಲಿ ಇರಲೇಬೇಕು.

ಕಚೇರಿಗೆ ಕೊಡುವುದು, ಕಚೇರಿಯಿಂದ ಪಡೆಯುವುದು

ಬಾಯಿ ಮಾತಿಗೆ ಕಡತದಲ್ಲಿ ಜಾಗ ಇಲ್ಲ. ಏನೇ ಹೇಳುವುದಿದ್ದರೂ ಬರೆದು ಟಪಾಲಿನಲ್ಲಿ ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ, ಕಚೇರಿಯ ಮೆಟ್ಟಿಲು ಇಳಿಯುವ ಮೊದಲೇ ಅದರ ಫೋಟೋ ತೆಗೆಯಿರಿ. ಸೀಲು ಹಾಕಲು ಹಿಂದೆಮುಂದೆ ನೋಡಿದರೆ ಅದೇ ಪತ್ರವನ್ನು ಅವತ್ತೇ ಸ್ಪೀಡ್ ಪೋಸ್ಟ್ ಮಾಡಿ. ಅಂಚೆ ಇಲಾಖೆಯ ಟ್ರ್ಯಾಕಿಂಗ್ ಪುಟದಲ್ಲಿ ತಲುಪಿದೆ ಅಂತ ಬಂದ ದಿನವೇ ಸ್ಕ್ರೀನ್‌ಶಾಟ್ ತೆಗೆಯಿರಿ, ಸ್ವಲ್ಪ ಕಾಲದ ಮೇಲೆ ಆ ಮಾಹಿತಿ ಅಲ್ಲಿ ಸಿಗುವುದಿಲ್ಲ.

ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. 'ನಮ್ಮ ಜಮೀನಿನ ಬಗ್ಗೆ ಎಲ್ಲ ಮಾಹಿತಿ ಕೊಡಿ' ಅಂತ ಬರೆದರೆ ಏನೂ ಬರುವುದಿಲ್ಲ. ಕಡತ ಸಂಖ್ಯೆ ಹಾಕಿ, ಜಂಟಿ ಅಳತೆ ವರದಿ, ಮರಮಾಲ್ಕಿಗೆ (ಜಮೀನಿನಲ್ಲಿರುವ ಮರಗಳಿಗೆ) ತೋಟಗಾರಿಕೆ ಇಲಾಖೆ ಕೊಟ್ಟ ಮೌಲ್ಯಮಾಪನ, ಕಟ್ಟಡಕ್ಕೆ ಲೋಕೋಪಯೋಗಿ ಇಲಾಖೆ ಕೊಟ್ಟದ್ದು, ದರ ನಿಗದಿ ಸಭೆಯ ನಡಾವಳಿ, ಹೀಗೆ ಹೆಸರು ಹಿಡಿದು ಕೇಳಿ. ಕಡತ ಪರಿಶೀಲನೆಗೂ ಅವಕಾಶ ಕೇಳಿ. ಕಡತದ ಟಿಪ್ಪಣಿ ಹಾಳೆಗಳಲ್ಲಿ ನಿಮ್ಮ ಆಕ್ಷೇಪಣೆಗೆ ಒಳಗೆ ಏನು ಬರೆದಿದ್ದಾರೆ ಅನ್ನುವುದು ಇರುತ್ತದೆ.

ಬೆಲೆಯ ಪುರಾವೆ ಕೂಡ ನೀವೇ ಸೇರಿಸಬೇಕು. 2013ರ ಕಾಯ್ದೆಯಲ್ಲಿ ಮಾರ್ಗಸೂಚಿ ದರ (ನೋಂದಣಿಗೆ ಸರ್ಕಾರ ನಿಗದಿ ಮಾಡಿದ ದರ) ಒಂದು ಕಡೆ, ಹಿಂದಿನ ಮೂರು ವರ್ಷದಲ್ಲಿ ಅದೇ ಊರು ಅಥವಾ ಹತ್ತಿರದ ಊರಿನಲ್ಲಿ ಆದ ಕ್ರಯಪತ್ರಗಳ ಪೈಕಿ ಜಾಸ್ತಿ ಬೆಲೆ ಇರುವ ಅರ್ಧದಷ್ಟು ಪತ್ರಗಳ ಬೆಲೆಯ ಸರಾಸರಿ ಇನ್ನೊಂದು ಕಡೆ ಇಟ್ಟು, ಹೆಚ್ಚಿನದನ್ನು ತೆಗೆದುಕೊಳ್ಳಬೇಕು. ಊರಿನವರು ಒಟ್ಟಾಗಿ ಸುತ್ತಮುತ್ತಲ ಸರ್ವೇ ನಂಬರಿನ ಇ.ಸಿ. ತೆಗೆಸಿ, ಒಳ್ಳೇ ಬೆಲೆಗೆ ಆದ ಕ್ರಯಗಳ ಪಟ್ಟಿ ಮಾಡಿ. ಒಬ್ಬರೇ ಮಾಡಿದರೆ ಖರ್ಚು, ಹತ್ತು ಮನೆ ಸೇರಿದರೆ ಹಗುರ.

ಕೋರ್ಟಿಗೆ ಹೋದರೆ ನಿಲ್ಲುವ ಹಾಗೆ ಇಡುವುದು

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ 63ನೇ ಕಲಂ ಪ್ರಕಾರ ಫೋಟೋ, ವಿಡಿಯೋ, ಫೋನ್ ರೆಕಾರ್ಡಿಂಗ್ ಹಾಜರು ಮಾಡುವಾಗ ಒಂದು ಪ್ರಮಾಣಪತ್ರ ಜೊತೆಗಿರಬೇಕು. ಅದರಲ್ಲಿ ಎರಡು ಭಾಗ, ಒಂದು ಆ ಸಾಧನ ಇಟ್ಟುಕೊಂಡವರು ಕೊಡುವುದು, ಇನ್ನೊಂದು ತಜ್ಞರು ಕೊಡುವುದು. ಫೈಲಿನ ಹ್ಯಾಶ್ ಮೌಲ್ಯ ಕೂಡ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟು ಇದ್ದ ಹಾಗೆ. ಫೋಟೋದಲ್ಲಿ ಒಂದು ಚುಕ್ಕೆ ಬದಲಾದರೂ ಹ್ಯಾಶ್ ಪೂರ್ತಿ ಬೇರೆ ಆಗುತ್ತದೆ. ಫೋಟೋ ತೆಗೆದ ವಾರದಲ್ಲೇ ಎಸ್‌ಎಚ್‌ಎ-256 ಹ್ಯಾಶ್ ಲೆಕ್ಕ ಹಾಕಿಸಿ ದಿನಾಂಕದ ಪಟ್ಟಿಯಲ್ಲಿ ಬರೆದಿಡಿ. ಕಂಪ್ಯೂಟರ್ ಗೊತ್ತಿರುವ ಮಕ್ಕಳಿಗೆ ಇದು ಎರಡು ನಿಮಿಷದ ಕೆಲಸ. ಫೋನಿನ ಮಾಡೆಲ್, ಐಎಂಇಐ ನಂಬರ್ (ಆ ಫೋನಿನ ಗುರುತಿನ ಸಂಖ್ಯೆ), ಯಾರ ಫೋನು ಅನ್ನುವುದನ್ನೂ ಬರೆಯಿರಿ. ಆ ಫೋನನ್ನು ಮಾರಬೇಡಿ, ಎಕ್ಸ್‌ಚೇಂಜ್‌ಗೆ ಕೊಡಬೇಡಿ. ಮೂಲ ಫೋಟೋದಲ್ಲಿ ಬೆಳಕು ತಿದ್ದುವುದು, ಕತ್ತರಿಸುವುದು ಏನೂ ಬೇಡ, ಬೇಕಾದರೆ ನಕಲು ಮಾಡಿ ಅದರಲ್ಲಿ ಮಾಡಿ.

ಹಣ ಬರುವಾಗ

ಅವಾರ್ಡ್ ಪ್ರತಿ, ಲೆಕ್ಕದ ಹಾಳೆ, ಬ್ಯಾಂಕಿಗೆ ಬಂದ ದಿನದ ಸ್ಟೇಟ್‌ಮೆಂಟ್ ಒಟ್ಟಿಗೆ ಇಡಿ. ಮೊತ್ತ ಕಡಿಮೆ ಅನಿಸಿದರೆ ಹಣ ಪಡೆಯುವಾಗಲೇ 'ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ' ಅಂತ ಬರೆದು ಸಹಿ ಹಾಕಿ, ಅದರ ಫೋಟೋ ಇಟ್ಟುಕೊಳ್ಳಿ. ಹಾಗೆ ಬರೆಯದೆ ಪಡೆದರೆ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗುತ್ತದೆ. 2013ರ ಕಾಯ್ದೆಯ 64ನೇ ಕಲಂ ಅಡಿ ಹೆಚ್ಚಿನ ಪರಿಹಾರ ಕೇಳುವ ಅರ್ಜಿಗೆ, ಅವಾರ್ಡ್ ದಿನ ನೀವೋ ನಿಮ್ಮ ಪರ ಯಾರೋ ಹಾಜರಿದ್ದರೆ ಅವಾರ್ಡ್ ಆದ ದಿನದಿಂದ ಆರು ವಾರ ಮಾತ್ರ. ಪಟ್ಟಿಯಲ್ಲಿ ಕೆಂಪು ಬಣ್ಣ ಹಾಕಿ, ಫೋನಿನಲ್ಲಿ ನಾಲ್ಕನೇ ವಾರಕ್ಕೇ ಅಲಾರಂ ಇಡಿ. ಒಪ್ಪಂದದ ದರಕ್ಕೆ ಸಹಿ ಹಾಕುವುದು ಬೇರೆಯೇ ದಾರಿ. ಹಾಕಿದ ಮೇಲೆ ಹಿಂದೆ ಬರುವುದು ಕಷ್ಟ, ಅದಕ್ಕೆ ಮೊದಲು ವಕೀಲರಿಗೆ ಪೂರ್ತಿ ಫೋಲ್ಡರ್ ತೋರಿಸಿ.

ಹಕ್ಕುಪತ್ರ ಇಲ್ಲದವರು

ಇವರ ಬಗ್ಗೆ ನನಗೆ ಜಾಸ್ತಿ ಕಾಳಜಿ, ಯಾಕೆಂದರೆ ಪಟ್ಟಿಯಿಂದ ಮೊದಲು ಬಿಟ್ಟುಹೋಗುವವರು ಇವರೇ. ಬಗರ್ ಹುಕುಂ ಸಾಗುವಳಿ (ಸರ್ಕಾರಿ ಜಮೀನಿನಲ್ಲಿ ಮಂಜೂರಾತಿ ಇಲ್ಲದೆ ಉಳುವುದು) ಮಾಡುವವರು ನಮೂನೆ 50, 53, 57ರ ಅರ್ಜಿಯ ಸ್ವೀಕೃತಿ ಚೀಟಿಯನ್ನು ಇವತ್ತೇ ಸ್ಕ್ಯಾನ್ ಮಾಡಿ. ಆ ಚೀಟಿಗಳು ಎಷ್ಟೋ ಮನೆಗಳಲ್ಲಿ ಟ್ರಂಕಿನ ತಳದಲ್ಲಿ ಮಡಿಕೆ ಹರಿದು ಕೂತಿವೆ. ದಂಡ ಕಟ್ಟಿದ ರಸೀದಿ, ಸಾಗುವಳಿ ಚೀಟಿ ಇದ್ದರೆ ಅದು, ಸಹಕಾರ ಸಂಘದಿಂದ ಗೊಬ್ಬರ ತಂದ ಬಿಲ್ಲು, ಎಲ್ಲವೂ ಬೇಕು. ಗೇಣಿಗೆ ಮಾಡುವವರು, ಆ ಜಮೀನಿನ ಕೂಲಿಯನ್ನೇ ನಂಬಿದವರು ಕೂಡ 2013ರ ಕಾಯ್ದೆಯಲ್ಲಿ ಬಾಧಿತ ಕುಟುಂಬ ಆಗಬಹುದು, ಸ್ವಾಧೀನಕ್ಕೆ ಮೊದಲು ಮೂರು ವರ್ಷ ಅಲ್ಲಿದ್ದು ಅದರಿಂದಲೇ ಬದುಕುತ್ತಿದ್ದರು ಅಂತ ತೋರಿಸಬೇಕು. ಉದ್ಯೋಗ ಖಾತ್ರಿ ಕಾರ್ಡು, ಪಡಿತರ ಚೀಟಿ, ಮಕ್ಕಳ ಶಾಲೆಯ ದಾಖಲಾತಿ, ಮತದಾರರ ಪಟ್ಟಿಯ ಪುಟ ಇದಕ್ಕೆ ಕೆಲಸಕ್ಕೆ ಬರುತ್ತವೆ. ಇವರ ಹತ್ತಿರ ಒಳ್ಳೇ ಫೋನು ಇರುವುದಿಲ್ಲ. ಊರಲ್ಲಿ ಫೋನು ಇರುವವರು ಒಂದು ಭಾನುವಾರ ಕೂತು ಮಾಡಿಕೊಡಿ.

ಎಲ್ಲಿ ಇಡುವುದು, ಯಾರ ಕೈಗೆ

ಒಂದು ಪ್ರತಿ ಫೋನು ಅಥವಾ ಕಂಪ್ಯೂಟರಿನಲ್ಲಿ, ಒಂದು ಗೂಗಲ್ ಡ್ರೈವ್‌ನಂಥ ಜಾಗದಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ ಬೇರೆ ಊರಿನ ಅಕ್ಕನ ಮನೆಯಲ್ಲಿ. ಮೂಲ ಕಾಗದ ಪ್ಲಾಸ್ಟಿಕ್ ಕವರಿನಲ್ಲಿ, ಲ್ಯಾಮಿನೇಷನ್ ಮಾತ್ರ ಬೇಡ. ಪಾಸ್‌ವರ್ಡ್ ಮನೆಯಲ್ಲಿ ಇಬ್ಬರಿಗೆ ಗೊತ್ತಿರಲಿ. ಆಧಾರ್, ಪಾಸ್‌ಬುಕ್ಕಿನ ಫೋಟೋ ಊರಿನ ಗ್ರೂಪಿಗೆ ಹಾಕಬೇಡಿ. ಸ್ವಾಧೀನದ ಸುದ್ದಿ ಬಂದ ಊರಿಗೆ ದಲ್ಲಾಳಿಗಳು ಬರುವುದು ಎಲ್ಲರಿಗೂ ಗೊತ್ತಿದೆ, 'ನಾವೇ ಎಲ್ಲ ಮಾಡಿಸ್ತೀವಿ, ಇಲ್ಲೊಂದು ಜಿಪಿಎಗೆ ಸಹಿ ಹಾಕಿ' ಅಂತ. ಜಿಪಿಎ ಅಂದರೆ ನಿಮ್ಮ ಪರವಾಗಿ ವ್ಯವಹಾರ ಮಾಡಲು ಬೇರೆಯವರಿಗೆ ಕೊಡುವ ಅಧಿಕಾರ ಪತ್ರ. ಖಾಲಿ ಹಾಳೆ, ಖಾಲಿ ಚೆಕ್ಕು, ಓದದ ಜಿಪಿಎ ಯಾರಿಗೂ ಕೊಡಬೇಡಿ.

ಇನ್ನೊಂದು ವಿಷಯ. ಯೋಜನೆ ಕೈಬಿಟ್ಟರು ಅಂತ ಸುದ್ದಿ ಬಂದರೂ ಫೋಲ್ಡರ್ ಮುಚ್ಚಬೇಡಿ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಗಾಗಿ ರೈತರು ವರ್ಷಗಟ್ಟಲೆ ಧರಣಿ ಕೂತರು. 2025ರ ಜುಲೈ 15ರಂದು ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಘೋಷಿಸಿದರು. ಇಂಥ ಘೋಷಣೆ ಎಲ್ಲಿಯೇ ಆಗಲಿ, ಅವತ್ತಿನ ಪತ್ರಿಕೆಯ ಪುಟ ಉಳಿಸಿಕೊಳ್ಳಿ. ಆಮೇಲೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬಂತಾ, ಅದರಲ್ಲಿ ನಿಮ್ಮ ಸರ್ವೇ ನಂಬರ್ ಇದೆಯಾ ನೋಡಿ. ಇದ್ದರೆ ಅದರ ಪ್ರತಿ ಲಗತ್ತಿಸಿ 11ನೇ ಕಾಲಂನ ನಮೂದು ತೆಗೆಯಲು ತಹಶೀಲ್ದಾರರಿಗೆ ಅರ್ಜಿ ಕೊಡಿ, ಸೀಲು ಹಾಕಿಸಿಕೊಳ್ಳಿ. ಒಂದು ತಿಂಗಳು ಬಿಟ್ಟು ಪಹಣಿ ಇಳಿಸಿ ನೋಡಿ. ಆ ಸಾಲು ಇನ್ನೂ ಇದ್ದರೆ ಮತ್ತೆ ಅರ್ಜಿ, ಮತ್ತೆ ಸೀಲು, ಪಟ್ಟಿಯಲ್ಲಿ ಮತ್ತೊಂದು ಸಾಲು.